ತಂತಿಗೆ ಪೋಣಿಸಿದ ನಲವತ್ತೇಳು ತಗಡು

ಇದನ್ನು ಬರೆದುಕೊಡಿ ಎಂದು ಮೇಡಂ ಕೇಳಿ ಒಂದು ವರ್ಷದ ಮೇಲಾಯಿತು. ಒಣಕಾಡಿನ ಬಳ್ಳಿಗಳ ಬಗ್ಗೆ ಅವರು ಕನ್ನಡದಲ್ಲಿ ಒಂದು ಚಿಕ್ಕ ಪುಸ್ತಕ ತರುತ್ತಿದ್ದಾರೆ. ಕಾಡಿನಲ್ಲಿ ಅವರ ಜೊತೆ ಕೆಲಸ ಮಾಡಿದವನ ಅನುಭವ ಎಂದು ಕೊನೆಗೆ ನಾಲ್ಕು ಪುಟ ನನಗೆ ಬಿಟ್ಟಿದ್ದಾರೆ. ಕಣ್ಣಿನ ಆಪರೇಷನ್ ಮುಗಿಯಲಿ ಅಂದೆ, ಅದು ಮುಗಿಯಿತು. ಮಳೆ ಕಡಿಮೆಯಾಗಲಿ ಅಂದೆ, ಅದೂ ಆಯಿತು. ಕೊನೆಗೆ ಒಳ್ಳೆಯ ಪೆನ್ನಿಲ್ಲ ಅಂದೆ. ಮೇಡಂ ಮರುದಿನವೇ ಎರಡು ಪೆನ್ನು ಕಳಿಸಿದರು. ನಿಜ ಸಂಗತಿ ಎಂದರೆ, ಬರೆದರೆ ಪೂರ್ತಿ ಬರೆಯಬೇಕು, ಪೂರ್ತಿ ಬರೆದರೆ ನಾನು ಹೇಳಿದ ಒಂದು ಸುಳ್ಳನ್ನೂ ಬರೆಯಬೇಕು. ಅದಕ್ಕೇ ಮುಂದೂಡುತ್ತಾ ಬಂದೆ.

ಆ ಕಾಡು ಇರುವುದು ನಮ್ಮ ಕಾಫಿ ಗುಡ್ಡಗಳ ಬೆನ್ನ ಹಿಂದೆ. ಆಲ್ದೂರಿನಿಂದ ಮೊದಲ ಬಸ್ಸಿಗೆ ಚಿಕ್ಕಮಗಳೂರಿಗೆ ಬಂದು, ಅಲ್ಲಿಂದ ಮೂಡಲ ಕಡೆಯ ಬಸ್ಸು ಹತ್ತಿದರೆ ಸ್ವಲ್ಪ ಹೊತ್ತಿನಲ್ಲೇ ಹಸಿರು ಮುಗಿಯುತ್ತದೆ. ಮೋಡಗಳೆಲ್ಲ ಗಿರಿಯ ಈಚೆಗೇ ಖಾಲಿಯಾಗಿ, ಆಚೆಗೆ ಬರೀ ಗಾಳಿ ದಾಟುತ್ತದೆ. ದಿಂಡಿಗ, ಮತ್ತಿ, ತಡಸಲು, ಕಗ್ಗಲಿ ಮರಗಳು ದೂರದೂರ ನಿಂತಿರುತ್ತವೆ. ಆ ಮರಗಳನ್ನು ಹಿಡಿದು ಬಳ್ಳಿಗಳು. ಮಳೆ ಕೈಕೊಟ್ಟ ವರ್ಷದಲ್ಲಿ ಯಾವ ಬಳ್ಳಿ ಉಳಿಯುತ್ತದೆ, ಯಾವುದು ಸಾಯುತ್ತದೆ, ಉಳಿಯುವುದು ಹೇಗೆ ಉಳಿಯುತ್ತದೆ ಎಂಬುದು ಮೇಡಂ ಅವರ ಪ್ರಶ್ನೆ. ಅವರು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವವರು. ಮಲ್ಲಂದೂರಿನ ಹತ್ತಿರದ ಎಸ್ಟೇಟಿನಲ್ಲಿ ಆಳುಗಳ ಹಾಜರಿ, ತೋಟದ ಲೆಕ್ಕ ಬರೆಯುವ ರೈಟರ್ ಆಗಿದ್ದು ನಿವೃತ್ತನಾದ ನನ್ನನ್ನು ಅವರು ಕರೆದದ್ದು ಎರಡು ಕಾರಣಕ್ಕೆ. ನನ್ನ ಅಕ್ಷರ ದುಂಡಗಿದೆ, ಬಳ್ಳಿಗಳ ಹೆಸರು ಗೊತ್ತಿದೆ.

ಹೆಸರು ಗೊತ್ತಿದ್ದದ್ದು ಪ್ರೀತಿಯಿಂದಲ್ಲ. ಎಸ್ಟೇಟಿನಲ್ಲಿ ನೆರಳಿನ ಮರಕ್ಕೆ ಹತ್ತಿದ ಬಳ್ಳಿಯನ್ನು ವರ್ಷಕ್ಕೊಮ್ಮೆ ಬುಡಕ್ಕೇ ಕಡಿಸುವುದು ನಮ್ಮ ಕ್ರಮ. ಬಳ್ಳಿ ಅಂದರೆ ನನಗೆ ಕಡಿಸಬೇಕಾದ ವಸ್ತು, ಅಷ್ಟೆ.

ಕೆಲಸಕ್ಕೆ ನಾವು ಮೂವರು. ಮೇಡಂ, ನಾನು, ಮತ್ತೆ ಕಾಡಂಚಿನ ಹಳ್ಳಿಯ ಒಬ್ಬ ಹೆಂಗಸು. ಐವತ್ತು ದಾಟಿದವಳು. ಆ ಕಾಡಿನಲ್ಲಿ ಚಿಕ್ಕಂದಿನಿಂದ ಸೀಗೆಕಾಯಿ ಕೊಯ್ದು ಮಾರಿದವಳು, ನಡುವೆ ಕೆಲವು ವರ್ಷ ಕಾಫಿ ತೋಟಗಳಲ್ಲೂ ದುಡಿದವಳು. ದಾರಿ ಬಿಡಿಸುವುದು, ಟೇಪು ಹಿಡಿಯುವುದು ಅವಳ ಕೆಲಸ.

ಇಪ್ಪತ್ತು ಮೀಟರ್ ಉದ್ದ, ಇಪ್ಪತ್ತು ಮೀಟರ್ ಅಗಲದ ಹತ್ತು ಚೌಕಗಳನ್ನು ಗುರುತು ಮಾಡಿ, ಮೂಲೆಗಳಿಗೆ ಬಣ್ಣ ಬಳಿದ ಕಲ್ಲು ನೆಟ್ಟು, ಸುತ್ತ ಗೂಟ ಹೊಡೆದು ಹಗ್ಗ ಎಳೆದಿದ್ದೆವು. ಚೌಕದೊಳಗೆ ಬೆರಳು ದಪ್ಪಕ್ಕಿಂತ ಹೆಚ್ಚಿನ ಪ್ರತಿ ಬಳ್ಳಿಗೂ ಒಂದು ಅಲ್ಯೂಮಿನಿಯಂ ತಗಡು, ತಗಡಿನ ಮೇಲೆ ಮೊಳೆಯಿಂದ ಕುಟ್ಟಿದ ನಂಬರು. ಬಳ್ಳಿ ನೆಲದಿಂದ ಎದ್ದ ಜಾಗದಿಂದ ನೂರಮೂವತ್ತು ಸೆಂಟಿಮೀಟರ್ ಅಳೆದು ಅಲ್ಲಿ ಕೆಂಪು ಬಣ್ಣದ ಪಟ್ಟಿ. ನೇರ ಎತ್ತರ ಅಳೆದರೆ ತಪ್ಪು, ಬಳ್ಳಿ ಹೇಗೆ ಸುತ್ತಿದೆಯೋ ಹಾಗೇ ಟೇಪೂ ಸುತ್ತಬೇಕು. ಆ ಪಟ್ಟಿಯ ಜಾಗದಲ್ಲಿ ಕ್ಯಾಲಿಪರ್ ಹಿಡಿದು ದಪ್ಪ ನೋಡಿ, ಬಳ್ಳಿಯ ಹೆಸರು, ಅದು ಹತ್ತಿರುವ ಮರ, ದಪ್ಪ, ಎಲ್ಲ ಹಾಳೆಯಲ್ಲಿ ಬರೆಯುವುದು. ವರ್ಷಕ್ಕೆ ಮೂರು ಸಲ ಅದೇ ಬಳ್ಳಿಗಳನ್ನು ಮತ್ತೆ ನೋಡಬೇಕು. ತಗಡು ಇಲ್ಲದಿದ್ದರೆ ಈ ಕೆಲಸವೇ ಇಲ್ಲ. ಒಂದೇ ದಿಂಡಿಗ ಮರಕ್ಕೆ ಐದು ಕರಿಹಂಬು ಹತ್ತಿರುತ್ತದೆ, ಐದೂ ಒಂದೇ ದಪ್ಪ. ಯಾವುದು ಯಾವುದೆಂದು ಹೇಳುವುದು ತಗಡು ಮಾತ್ರ.

ಬಳ್ಳಿ ಸತ್ತಿದೆ ಎಂದು ಬರೆಯಲು ಮೇಡಂ ಒಂದು ಕಟ್ಟುನಿಟ್ಟು ಹೇಳಿದ್ದರು. ಕೆಂಪು ಪಟ್ಟಿಯ ಮೇಲೆ, ಕೆಳಗೆ, ನೆಲದ ಹತ್ತಿರ, ಮೂರು ಕಡೆ ಉಗುರಿನಿಂದ ಸಿಪ್ಪೆ ಕೆರೆದು ನೋಡಬೇಕು. ಮೂರೂ ಒಣಗಿದ್ದರೆ ಬುಡದ ತರಗೆಲೆ ಸರಿಸಿ, ಒಂದು ಗೇಣು ಮಣ್ಣು ಬಿಡಿಸಿ ಬೇರನ್ನು ಕೆರೆಯಬೇಕು. ಅದೂ ಒಣಗಿದ್ದರೆ ಮಾತ್ರ 'ಸತ್ತಿದೆ'. ಹಾಗೆ ಬರೆದರೂ ತಗಡು ಅಲ್ಲೇ ಇರಬೇಕು.

ಮೊದಲ ವರ್ಷ ಚೆನ್ನಾಗಿ ನಡೆಯಿತು. ಆ ಹೆಂಗಸಿಗೆ ನನ್ನನ್ನು ಆಡಿಕೊಳ್ಳುವುದೆಂದರೆ ಖುಷಿ.

"ಮೇಡಮ್ಮಾ, ರೈಟ್ರು ಬಳ್ಳಿ ಕಂಡ ಕೂಡ್ಲೆ ಸೊಂಟ ಮುಟ್ಕೋತಾರೆ. ಕತ್ತಿ ಹುಡುಕ್ತಾರೆ."

"ನಿನ್ನ ಬಾಯಿಗೆ ಮೊದಲು ಕತ್ತಿ ಹಾಕ್ಬೇಕು ಮಾರಾಯ್ತಿ" ಎನ್ನುತ್ತಿದ್ದೆ. ಮೇಡಂ ನಗುತ್ತಿದ್ದರು.

ಎರಡನೆಯ ವರ್ಷ ಮುಂಗಾರು ಕೈಕೊಟ್ಟಿತು, ಹಿಂಗಾರು ಹೆಸರಿಗೆ ಬಂದು ಹೋಯಿತು. ಬೇಸಿಗೆಗೆ ಕಾಡು ಬೂದಿ ಬಣ್ಣಕ್ಕೆ ತಿರುಗಿತು. ಮಂಗರವಳ್ಳಿಯ ಗಿಣ್ಣುಗಳು ಸುಕ್ಕುಗಟ್ಟಿ ಹಳೆಯ ಹಗ್ಗದ ಹಾಗೆ ಜೋತವು. ಕಾಡುಗೆಣಸಿನ ಬಳ್ಳಿ ಇದ್ದ ಗುರುತೇ ಇಲ್ಲದೆ ಉದುರಿಹೋಗಿತ್ತು. ಬಳ್ಳಿಮುತ್ತುಗ ಆ ಸಲ ಹೂವನ್ನೇ ಬಿಡಲಿಲ್ಲ. ಅಮೃತಬಳ್ಳಿ ಮಾತ್ರ ಮೇಲಿನಿಂದ ದಾರದಂಥ ಬೇರುಗಳನ್ನು ನೆಲದ ಕಡೆಗೆ ಬಿಟ್ಟುಕೊಂಡು ನೇತಾಡುತ್ತಿತ್ತು. ಮೇಡಂಗೆ ಬೇಕಾಗಿದ್ದದ್ದೇ ಇಂಥ ವರ್ಷ. ಆದರೆ ಅವರಿಗೆ ಅದೇ ಹೊತ್ತಿಗೆ ಪರೀಕ್ಷೆ, ಪೇಪರ್ ತಿದ್ದುವ ಕೆಲಸ ಬಿತ್ತು. ಬೇಸಿಗೆಯ ಲೆಕ್ಕವನ್ನು ನೀವಿಬ್ಬರೇ ಮಾಡಿ ಎಂದರು. "ರೈಟ್ರೇ, ಅವಸರ ಬೇಡ. ಒಂದೊಂದನ್ನೂ ಕೆರೆದು ನೋಡಿ" ಎಂದು ಎರಡು ಸಲ ಹೇಳಿದರು.

ಏಳು ಚೌಕಗಳನ್ನು ಹಾಗೇ ಮಾಡಿದೆ. ಉಳಿದ ಮೂರು ಇದ್ದದ್ದು ತೆಂಕಣ ಇಳಿಜಾರಿನಲ್ಲಿ. ಎಲ್ಲಕ್ಕಿಂತ ಒಣ ಜಾಗ, ಬರದ ಪ್ರಶ್ನೆಗೆ ಎಲ್ಲಕ್ಕಿಂತ ಮುಖ್ಯವಾದ ಜಾಗ. ಬಂಡೆಗಳು ಕಾದು ಕೂರಲು ಬಿಡುತ್ತಿರಲಿಲ್ಲ. ಪ್ರತಿ ಬಳ್ಳಿಗೂ ಮಂಡಿಯೂರಿ ಮಣ್ಣು ಕೆದಕುವುದು ನನ್ನ ಮೊಣಕಾಲಿಗೆ ಆಗಲಿಲ್ಲ. ಆಗ ನನ್ನ ಕೈ ಹಳೆಯ ಅಭ್ಯಾಸಕ್ಕೆ ಹೋಯಿತು.

ಅದನ್ನು ವಿವರಿಸಬೇಕು. ನಮ್ಮ ಎಸ್ಟೇಟಿನಲ್ಲಿ ಹೊಸದಾಗಿ ನೆಟ್ಟ ಕಾಫಿ ಗಿಡದ ಪಕ್ಕ ಒಂದು ಗೂಟ ಇರುತ್ತಿತ್ತು. ಬೇಸಿಗೆಯ ಕೊನೆಗೆ ರೈಟರ್ ಸಾಲು ಹಿಡಿದು ನಡೆಯಬೇಕು. ಎಲೆಯೆಲ್ಲ ಉದುರಿ ಕಾಂಡ ಬೂದಿಯಾಗಿದ್ದರೆ ಗಿಡ ಹೋಯಿತು ಎಂದು ಅರ್ಥ. ಅದರ ಗೂಟವನ್ನು ಕಿತ್ತು ತರಬೇಕು. ಆಫೀಸಿನ ಮುಂದೆ ಎಷ್ಟು ಗೂಟ ಬಿದ್ದವೋ ಅಷ್ಟು ಗಿಡ ಮರುನಾಟಿಗೆ. ಗೂಟವೇ ಸಾಕ್ಷಿ. ಕಾಫಿಗೆ ಈ ಕ್ರಮ ಸರಿ. ನಾನು ಅದನ್ನೇ ಬಳ್ಳಿಗೂ ಮಾಡಿದೆ. ಎಲೆಯಿಲ್ಲ, ಕಾಂಡ ಬೂದಿ, ಸತ್ತಿದೆ. ತಗಡು ಬಿಚ್ಚಿ ಒಂದು ತಂತಿಗೆ ಪೋಣಿಸಿದೆ. ಮೇಡಂ ಬಂದಾಗ ತಂತಿ ತೋರಿಸಿದರೆ ಲೆಕ್ಕ ಪಕ್ಕಾ ಎಂದು ಹೆಮ್ಮೆ ಬೇರೆ.

"ರೈಟ್ರೇ, ಇದು ಸತ್ತಿಲ್ಲ" ಎಂದಳು ಆ ಹೆಂಗಸು, ಎರಡನೆಯದೋ ಮೂರನೆಯದೋ ಬಿಚ್ಚುವಾಗ.

"ಎಲೆ ಎಲ್ಲಿದೆ ತೋರ್ಸು."

"ಎಲೆ ಇಲ್ಲ. ಬೇರಿಗಿಳ್ದು ಕುಂತೈತೆ."

"ಕೂತಿದ್ರೆ ಎದ್ದು ಬರ್ಲಿ. ಆಗ ಬರಿತೀನಿ."

"ಬತ್ತೈತೆ. ಆಗ ನಿಮ್ಮತ್ರ ನಂಬರ್ ಇರಾಕಿಲ್ಲ."

"ನೀನು ಎಷ್ಟನೇ ಕ್ಲಾಸು ಓದಿದ್ದೀಯ?" ಎಂದು ಕೇಳಿದೆ. ಆಮೇಲೆ ನಾನು ಮುಂದೆ ಮುಂದೆ ತಗಡು ಬಿಚ್ಚುತ್ತಾ ಹೋದೆ, ಅವಳು ಹಿಂದೆ ಉಳಿದು ಉಳಿದು ಬಂದಳು. ಬಿಸಿಲಿಗೆ ಸೋತಿದ್ದಾಳೆ ಅಂದುಕೊಂಡೆ. ಮೂರು ಚೌಕ ಮುಗಿಯುವಾಗ ತಂತಿಯಲ್ಲಿ ನಲವತ್ತೇಳು ತಗಡು ಇದ್ದವು.

ಹತ್ತು ದಿನ ಬಿಟ್ಟು ಮೇಡಂ ಬಂದರು. ಹಾಳೆ ನೋಡಿ ಮುಖ ಸಣ್ಣದಾಯಿತು. ಇಷ್ಟೊಂದು ಸತ್ತಿರಲು ಸಾಧ್ಯವೇ ಎಂದು ಆ ಇಳಿಜಾರಿಗೆ ನಡೆದರು. ಮತ್ತಿ ಮರಕ್ಕೆ ಹತ್ತಿದ್ದ ಒಂದು ಸೀಗೆಯ ಕೆಂಪು ಪಟ್ಟಿಯ ಕೆಳಗೆ ಉಗುರು ಹಾಕಿದರು. ಒಳಗೆ ಹಸಿರು. ಪಕ್ಕದ ಬಳ್ಳಿ ಕೆರೆದರು, ಅದೂ ಹಸಿರು.

"ಇದರ ತಗಡು ಎಲ್ಲಿ?"

ನಾನು ತಂತಿ ತೋರಿಸಲಿಲ್ಲ. ಅದು ನನ್ನ ಚೀಲದೊಳಗಿತ್ತು.

"ಯಾರು ಬಿಚ್ಚಿದ್ದು?"

ಆಗ ನಾನು ಹೇಳಿದೆ. "ಇವಳು ಎಲ್ಲಾ ಸತ್ತಿದೆ ಅಂದ್ಲು ಮೇಡಂ. ಬಿಚ್ಚಿದ್ದೂ ಇವಳೇ. ನಾನು ಹಿಂದೆ ಬರ್ತಾ ಬರ್ಕೊಂಡೆ." ಆಮೇಲೆ ಚೀಲದಿಂದ ತಂತಿ ತೆಗೆದು, ನಾನೇ ಅವಳ ಕೈಯಿಂದ ಇಸಿದುಕೊಂಡು ಜೋಪಾನ ಮಾಡಿದವನ ಹಾಗೆ ಮುಂದೆ ಹಿಡಿದೆ.

ಅವಳು ಅಲ್ಲೇ ಇದ್ದಳು. ನನ್ನ ಮುಖ ನೋಡಿದಳು. ಮೇಡಂ ಅವಳನ್ನು ಕೇಳಿದರು, "ಹೌದಾ?"

"ರೈಟ್ರು ಬರ್ದವ್ರಲ್ಲ, ಇನ್ನೇನೈತೆ" ಎಂದಳು. ತೋಟದಲ್ಲಿ ದುಡಿದವರಿಗೆ ಗೊತ್ತು. ರೈಟರ್ ಬರೆದದ್ದೇ ಹಾಜರಿ, ರೈಟರ್ ಬರೆಯದಿದ್ದರೆ ನೀನು ಬಂದೇ ಇಲ್ಲ.

ಮೇಡಂ ಕೂಗಾಡಲಿಲ್ಲ. ನಾಳೆಯಿಂದ ಬರುವುದು ಬೇಡಮ್ಮ ಎಂದರು. ಅವಳು ಟೇಪು ಸುತ್ತಿ ಬಂಡೆಯ ಮೇಲಿಟ್ಟಳು. ಹೋಗುವಾಗ ನನಗೆ ಹೇಳಿದಳು, "ನೀರಿನ ಕ್ಯಾನು ತಡಸಲ ಮರದಡಿ ಐತೆ. ಮರ್ತು ಹೋಗ್ಬೇಡಿ."

ನಲವತ್ತೇಳು ಬಳ್ಳಿಗಳ ಗುರುತು ಹೋದ ಮೇಲೆ ಆ ಮೂರು ಚೌಕಗಳನ್ನು ಕೈಬಿಡಬೇಕು ಎಂದರು ಮೇಡಂ. ಎರಡು ವರ್ಷದ ಶ್ರಮ, ಅದರಲ್ಲೂ ಬರ ಎಲ್ಲಕ್ಕಿಂತ ಹೆಚ್ಚು ತಟ್ಟಿದ ಜಾಗ. ಮಳೆ ಬಂದ ಮೇಲೆ ಹೋಗಿ ಹಗ್ಗ, ಗೂಟ ಎಲ್ಲ ಬಿಚ್ಚಿ ತನ್ನಿ ಎಂದು ನನಗೆ ಹೇಳಿದರು. ತಂತಿಯನ್ನು ನನ್ನ ಹತ್ತಿರವೇ ಬಿಟ್ಟರು. ಅವರಿಗೆ ಅದು ಬೇಡವಾಗಿತ್ತು.

ಮೊದಲ ಎರಡು ಮಳೆ ಬಿದ್ದು ವಾರಕ್ಕೆ ಹೋದೆ. ಇಳಿಜಾರಿನ ಬುಡದಲ್ಲಿ ನಿಂತಾಗಲೇ ಗೊತ್ತಾಯಿತು. ನಾನು ಸತ್ತಿದೆ ಎಂದು ಬರೆದವು ಚಿಗುರಿದ್ದವು. ಸೀಗೆಯ ತುದಿಯಲ್ಲಿ ಕೆಂಪುಹಸಿರು ಎಳೆ ಎಲೆ. ಕಾಡುಮಲ್ಲಿಗೆ ಗಿಣ್ಣು ಗಿಣ್ಣಿಗೆ ಒಡೆದಿತ್ತು. ಕರಿಹಂಬಿನ ಮೇಲಿನ ಕಾಂಡ ಒಣಗಿದ್ದರೂ ಬುಡದಿಂದ ಹೊಸ ಕುಡಿ ಎದ್ದಿತ್ತು. ಒಂದೊಂದು ಬಳ್ಳಿ ಬರವನ್ನು ಒಂದೊಂದು ರೀತಿಯಲ್ಲಿ ದಾಟಿತ್ತು, ನಾನು ಎಲ್ಲಕ್ಕೂ ಒಂದೇ ಮಾತು ಬರೆದಿದ್ದೆ.

ಹಗ್ಗ ಬಿಚ್ಚುವ ಮೊದಲು ಒಂದನ್ನಾದರೂ ಮೇಡಂ ಹೇಳಿದ ಹಾಗೆ ನೋಡೋಣ ಎನಿಸಿತು. ಮೊದಲ ಚೌಕದ ಮೊದಲ ಬಳ್ಳಿ, ಒಂದು ಸೀಗೆ. ಮಂಡಿಯೂರಿ ಬುಡದ ತರಗೆಲೆ ಸರಿಸಿದೆ. ಅಲ್ಲಿ, ನೆಲಕ್ಕೆ ಒತ್ತಿದ ಹಾಗೆ, ತಡಸಲ ನಾರಿನ ಒಂದು ಗಂಟು ಇತ್ತು. ಎರಡು ಸುತ್ತು, ಒಂದು ಗಂಟು, ತುದಿ ಮಡಚಿ ಒಳಗೆ ಸಿಕ್ಕಿಸಿದ್ದು.

ಆ ಗಂಟು ನನಗೆ ಗೊತ್ತಿತ್ತು. ಅವರ ಊರಿನಲ್ಲಿ ಸೀಗೆಕಾಯಿ ಕೊಯ್ಯುವವರು ತಮಗೆಂದು ಕಂಡುಕೊಂಡ ಬಳ್ಳಿಯ ಬುಡಕ್ಕೆ ಹೀಗೆ ನಾರು ಕಟ್ಟುತ್ತಾರೆ. ಕಟ್ಟಿದ್ದನ್ನು ಬೇರೆಯವರು ಮುಟ್ಟುವುದಿಲ್ಲ. ಮೊದಲ ವರ್ಷ ಅವಳೇ ತೋರಿಸಿದ್ದಳು. ಆದರೆ ಮುಂದಿನ ಗಂಟು ಸಿಕ್ಕಿದ್ದು ಕಾಡುಮಲ್ಲಿಗೆಯ ಬುಡದಲ್ಲಿ. ಅದರ ಮುಂದಿನದು ಕರಿಹಂಬಿಗೆ. ಅವುಗಳಿಂದ ಯಾರೂ ಏನೂ ಕೊಯ್ಯುವುದಿಲ್ಲ. ನಾನು ತಗಡು ಬಿಚ್ಚುತ್ತಾ ಹೋದ ಹಾಗೆ ಅವಳು ಹಿಂದೆ ಉಳಿದು ಗಂಟು ಹಾಕುತ್ತಾ ಬಂದಿದ್ದಳು.

ತಂತಿಯನ್ನು ಚೀಲದಿಂದ ತೆಗೆದೆ. ತಗಡುಗಳು ಬಿಚ್ಚಿದ ಕ್ರಮದಲ್ಲೇ ಇದ್ದವು. ಮೊದಲು ಬಿಚ್ಚಿದ್ದು ತಂತಿ ಮಡಚಿದ ತುದಿಯಲ್ಲಿ. ಕಾಡಿನಲ್ಲಿ ಗಂಟುಗಳು, ಕೈಯಲ್ಲಿ ತಗಡುಗಳು, ಎರಡೂ ಒಂದೇ ದಾರಿಯಲ್ಲಿ ನಡೆದವು. ತಗಡು ಬಿಚ್ಚಿದ್ದು ಯಾವ ಬಳ್ಳಿಯಿಂದ ಎಂದು ಗಂಟು ಹೇಳುತ್ತದೆ, ಅದರ ನಂಬರು ಯಾವುದೆಂದು ತಂತಿಯ ಕ್ರಮ ಹೇಳುತ್ತದೆ. ಮೂರು ಚೌಕಗಳೂ ಉಳಿಯುತ್ತವೆ.

ಸಂತೋಷವಾಯಿತು, ಅದು ಸುಳ್ಳಲ್ಲ. ಆದರೆ ಸಂತೋಷದ ಹಿಂದೆಯೇ ಇನ್ನೊಂದು ಬಂತು. ಎಲ್ಲ ಸತ್ತಿದೆ ಎಂದವಳು ಇಷ್ಟು ಗಂಟು ಯಾಕೆ ಕಟ್ಟುತ್ತಾಳೆ? ಮೇಡಂ ಒಂದು ಗಂಟು ನೋಡಿದರೆ ಸಾಕು, ನನ್ನ ಮಾತು ಬಿದ್ದುಹೋಗುತ್ತದೆ. ನಾನು ಯೋಚಿಸಿದ್ದು ಇದು. ಒಂದೊಂದು ತಗಡು ಕಟ್ಟಿ, ಆ ಬುಡದ ಗಂಟನ್ನು ಕತ್ತರಿಸಿ ಬಿಸಾಡಿದರೆ, ನಾನೇ ಹಾಳೆ ನೋಡಿ, ದಪ್ಪ ನೋಡಿ ಹೊಂದಿಸಿದೆ ಎಂದು ಹೇಳಬಹುದು. ಮೇಡಂ ಹೊಗಳುತ್ತಾರೆ ಕೂಡ. ಮೊದಲ ಸೀಗೆಗೆ ತಗಡು ಕಟ್ಟಿದೆ. ಕತ್ತಿಯ ಮೊನೆಯಿಂದ ಗಂಟು ಕತ್ತರಿಸಿಯೂ ಬಿಟ್ಟೆ.

ಎರಡನೆಯದನ್ನೂ ಕತ್ತರಿಸಿದೆ. ಮೂರನೆಯದನ್ನೂ. ಇದನ್ನು ಬರೆಯುವುದೇ ನನಗೆ ಎಲ್ಲಕ್ಕಿಂತ ಕಷ್ಟ.

ನಿಲ್ಲಿಸಿದ್ದು ಒಂಬತ್ತನೆಯದು. ಒಂಬತ್ತನೆಯ ತಗಡಿನ ನಂಬರು ಹಾಳೆಯಲ್ಲಿ ನೋಡಿದರೆ, ದಿಂಡಿಗ ಮರದ ಮೇಲಿನ ಕಾಡುಮಲ್ಲಿಗೆ. ನನ್ನ ಮುಂದೆ ಗಂಟಿದ್ದದ್ದು ಮತ್ತಿ ಮರದ ಸೀಗೆಗೆ. ಅವಳು ಒಂದನ್ನು ಬಿಟ್ಟಿದ್ದಾಳೆ, ಕ್ರಮ ತಪ್ಪಿದೆ, ಇನ್ನು ಎಲ್ಲವೂ ಅಡ್ಡಾದಿಡ್ಡಿ ಅಂದುಕೊಂಡೆ. ಹಿಂದಕ್ಕೆ ಹೋಗಿ ಹುಡುಕಿದೆ. ದಿಂಡಿಗದ ಮೇಲೆ ಕಾಡುಮಲ್ಲಿಗೆ ಇತ್ತು, ಬಣ್ಣದ ಪಟ್ಟಿಯೂ ಅರ್ಧ ಉಳಿದಿತ್ತು, ಗಂಟು ಮಾತ್ರ ಇರಲಿಲ್ಲ. ಮೂರು ಕಡೆ ಕೆರೆದೆ. ಮಣ್ಣು ಬಿಡಿಸಿ ಬೇರು ಕೆರೆದೆ. ಬೇರು ಕೈಯಲ್ಲೇ ಲಟಕ್ಕನೆ ಮುರಿಯಿತು.

ಅದು ನಿಜವಾಗಿ ಸತ್ತಿತ್ತು. ಅದಕ್ಕೇ ಅವಳು ಕಟ್ಟಿರಲಿಲ್ಲ.

ಅಲ್ಲೇ ನೆಲದ ಮೇಲೆ ಕೂತೆ. ನಾನು ನಡೆದು ನೋಡಿ 'ಸತ್ತಿದೆ' ಎಂದು ಬರೆದ ಜಾಗದಲ್ಲೇ ಅವಳು ಒಂದೊಂದನ್ನೂ ಕೆರೆದು ನೋಡಿದ್ದಾಳೆ. ಮೇಡಂ ನನಗೆ ಹೇಳಿದ ಕೆಲಸವನ್ನು ಅವಳು ಮಾಡಿದ್ದಾಳೆ. ನಾನು ಕತ್ತರಿಸುತ್ತಿದ್ದದ್ದು ಬರೀ ಸಾಕ್ಷಿಯನ್ನಲ್ಲ, ಆ ಬೇಸಿಗೆಯಲ್ಲಿ ಆ ಇಳಿಜಾರಿನಲ್ಲಿ ಯಾರಾದರೂ ಮಾಡಿದ ಒಂದೇ ಸರಿಯಾದ ದಾಖಲೆಯನ್ನು. ಕತ್ತಿಯನ್ನು ಚೀಲಕ್ಕೆ ಹಾಕಿದೆ. ಆಮೇಲೆ ಯಾವ ಗಂಟನ್ನೂ ಮುಟ್ಟಲಿಲ್ಲ. ಹಗ್ಗವನ್ನೂ ಬಿಚ್ಚಲಿಲ್ಲ.

ಮೂರು ದಿನ ಹೋಗಿ ಬಂದೆ. ಒಂದೊಂದು ಗಂಟಿಗೂ ಹಾಳೆಯ ಹೆಸರು, ಮರ, ದಪ್ಪ ಹೊಂದಿಸಿ ತಗಡು ಕಟ್ಟಿದೆ. ಬರಗಾಲದಲ್ಲಿ ಕಾಂಡ ತುಸು ಕುಗ್ಗಿರುತ್ತದೆ, ಹಾಗಾಗಿ ದಪ್ಪದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಬಂದರೆ ಹೆದರಬಾರದು. ನಾನು ಕತ್ತರಿಸಿದ ಮೊದಲ ಎಂಟು ಸೇರಿ ನಲವತ್ತನಾಲ್ಕು ಗಂಟು. ಗಂಟಿಲ್ಲದ ಮೂರು ಬಳ್ಳಿಗಳ ಬೇರನ್ನೂ ಕೆರೆದೆ. ಮೂರೂ ಒಣಗಿದ್ದವು.

ನಾಲ್ಕನೆಯ ದಿನ ಚಿಕ್ಕಮಗಳೂರಿಗೆ, ಕಾಲೇಜಿಗೆ ಹೋದೆ. ಮೇಡಂ ಪ್ರಯೋಗಾಲಯದಲ್ಲಿ ಒಬ್ಬರೇ ಇದ್ದರು.

"ತಗಡು ಬಿಚ್ಚಿದ್ದು ನಾನು ಮೇಡಂ. ಬೇಡ ಅಂತ ಹೇಳಿದ್ದು ಅವಳು" ಎಂದೆ. ಉಳಿದದ್ದೆಲ್ಲ ಆಮೇಲೆ ಹೇಳಿದೆ, ಎಂಟು ಗಂಟು ಕತ್ತರಿಸಿದ್ದನ್ನೂ.

"ನಾನೂ ಅವರನ್ನ ಸರಿಯಾಗಿ ಕೇಳಲಿಲ್ಲ" ಎಂದರು ಮೇಡಂ. "ನಿಮ್ಮ ಮಾತು ಸಾಕು ಅಂದ್ಕೊಂಡೆ." ಆಮೇಲೆ ಆ ಮೂರು ಹಾಳೆಗಳನ್ನು ನನ್ನ ಮುಂದೆ ಇಟ್ಟರು. "ಷರಾ ಕಾಲಂನಲ್ಲಿ ಎಲ್ಲ ಬರೀರಿ. ಯಾರು ಬಿಚ್ಚಿದ್ದು, ಯಾಕೆ, ಹೇಗೆ ಮತ್ತೆ ಹೊಂದಿಸಿದ್ದು. ಒಂದೂ ಬಿಡಬೇಡಿ."

ಬರೆದೆ. ಮರುವಾರ ಅವರೇ ಬಂದು ಹನ್ನೆರಡು ಬಳ್ಳಿಗಳನ್ನು ತಾವೇ ಆರಿಸಿ, ಹೆಸರು, ಮರ, ದಪ್ಪ ತಾಳೆ ನೋಡಿದರು. ಹನ್ನೆರಡೂ ಕೂಡಿದವು. ಕ್ಯಾಲಿಪರ್ ಡಬ್ಬಿಗೆ ಹಾಕುತ್ತಾ, "ಉಳೀತು ರೈಟ್ರೇ" ಎಂದರು. ಆ ಒಂದು ಮಾತಿಗೆ ನನ್ನ ಮೈ ಹಗುರಾದದ್ದು ಈಗಲೂ ನೆನಪಿದೆ. ಇಳಿಜಾರಿನಲ್ಲಿ ಮೊಣಕಾಲು ನೋಯಲಿಲ್ಲ. ಈ ಪುಸ್ತಕದಲ್ಲಿ ಬರದ ಬಗ್ಗೆ ಇರುವ ಅಧ್ಯಾಯ ಹೆಚ್ಚುಕಡಿಮೆ ಆ ಮೂರು ಚೌಕಗಳದ್ದೇ.

ಅಂದೇ ಮೇಡಂ, "ಹೋಗಿ ಹೇಳಿ ಬನ್ನಿ, ಕೆಲಸಕ್ಕೂ ಕರೀರಿ" ಎಂದಿದ್ದರು. ಅವಳ ಊರಿಗೆ ಹೋದೆ. ಕಳಸದ ಕಡೆ ಯಾವುದೋ ತೋಟಕ್ಕೆ ಹೋಗಿದ್ದಾಳೆ, ಯಾವಾಗ ಬರುತ್ತಾಳೋ ಗೊತ್ತಿಲ್ಲ ಎಂದರು ಪಕ್ಕದ ಮನೆಯವರು. ನನಗೆ ನಿರಾಳವಾಯಿತು. ಆ ನಿರಾಳ ಒಳ್ಳೆಯದಾಗಿರಲಿಲ್ಲ.

ಆರೇಳು ತಿಂಗಳ ಮೇಲೆ ಆಲ್ದೂರಿನ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದಳು. ಅವಳೇ ಗುರುತು ಹಿಡಿದಳು.

"ಏನ್ ರೈಟ್ರೇ, ಬೆಳ್ಳಗಾಗಿದೀರಿ. ಬಿಸ್ಲಿಗೆ ಹೋಗಾದು ಬಿಟ್ರಾ?"

"ಚಳಿಗಾಲ ಅಲ್ವಾ."

"ಬಳ್ಳಿ?"

"ಚಿಗುರಿದ್ವು. ಮೂರು ಬಿಟ್ಟು."

"ಅವು ಹೋಗಿದ್ವು" ಎಂದಳು. "ಅವಕ್ಕೆ ನಾನು ಕಟ್ಟಿರ್ನಿಲ್ಲ. ನಂಬರ್ ಸಿಕ್ತಾ?"

"ಸಿಕ್ತು. ಮೇಡಂ ನಿನ್ನ ಕರೀತಿದ್ದಾರೆ."

"ಈ ಕೊಯ್ಲು ಮುಗೀಲಿ, ನೋಡಾನ" ಎಂದಳು. ಅವಳ ಮುಖದಲ್ಲಿ ಸಿಟ್ಟು ಹುಡುಕಿದೆ, ಕಾಣಲಿಲ್ಲ. ಬಳ್ಳಿಗಳ ಸುದ್ದಿ ಕೇಳಿ ಖುಷಿಯಾಗಿದ್ದಳು, ಅಷ್ಟೆ. ಬಸ್ಸು ಬಂತು. ಅವಳ ಬಟ್ಟೆಗಂಟನ್ನು ನಾನೇ ಎತ್ತಿ ಬಾಗಿಲೊಳಗೆ ಇಟ್ಟೆ. ತಪ್ಪಾಯ್ತು ಎನ್ನಲು ಒಂದು ಉಸಿರು ಸಾಕಿತ್ತು. ನಾನು ಕಿಟಕಿಯ ಹತ್ತಿರ ಹೋಗಿ ಕೇಳಿದ್ದು, "ಸೀಟು ಸಿಕ್ತಾ?" ಎಂದು. ಸಿಕ್ತು ಎಂದು ಕೈ ಆಡಿಸಿದಳು.

ಆಮೇಲೆ ಅವಳು ಕೆಲಸಕ್ಕೆ ಬರಲಿಲ್ಲ. ನಾನೂ ಮತ್ತೆ ಹುಡುಕಿ ಹೋಗಲಿಲ್ಲ. ಮೇಡಂಗೆ ಹೇಳಿದೆ, ಹಾಳೆಯಲ್ಲಿ ಬರೆದೆ, ಈಗ ಓದುವ ನಿಮಗೂ ಹೇಳಿದೆ. ಇಷ್ಟು ವರ್ಷ ಹೊತ್ತದ್ದನ್ನು ಇಳಿಸಿದ ಹಾಗೆ ಆಗಿದೆ, ರಾತ್ರಿ ನಿದ್ದೆ ಬರುತ್ತದೆ. ಆದರೆ ಮೊದಲು ಹೇಳಬೇಕಾಗಿದ್ದವರಿಗೆ ಇನ್ನೂ ಹೇಳಿಲ್ಲ. ಈ ನಾಲ್ಕು ಪುಟದ ಉದ್ದಕ್ಕೂ ಅವರನ್ನು ಹೆಂಗಸು, ಅವಳು ಎಂದೇ ಬರೆದೆ, ಅಂದು ಕರೆಯುತ್ತಿದ್ದದ್ದೂ ಹಾಗೇ. ಅವರ ಹೆಸರು ಚೌಡಮ್ಮ.